ಡಿಸೈನಿನ ಬಾಬ್ತು

ಅಮರೇಶ ಫೋನಿನಲ್ಲಿ ರೇಟು ಹೇಳಿಬಿಟ್ಟಿದ್ದನ್ನು ಸರ್ವಮಂಗಳಾ ಆಫೀಸಿನ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಅದೇ ಕೆಲಸಕ್ಕೆ ತಾನು ರೇಟು ಲೆಕ್ಕ ಹಾಕಿ ತಂದ ಹಾಳೆ ಇನ್ನೂ ಅವಳ ಕೈಯಲ್ಲೇ ಇತ್ತು.

"ಸೀರೆಗೆ ಎಂಬತ್ತೈದು ಹಾಕ್ಕೊಳ್ಳಿ ಹರೀಶ್ ಅವ್ರೇ. ಐದು ಬಣ್ಣ ಬಂದ್ರೂ ಅಷ್ಟೇ. ನಿಮ್ಮ ಹತ್ರ ಏನು ಚೌಕಾಸಿ" ಎಂದು ನಗುತ್ತಾ ಅವನು ಫೋನು ಇಟ್ಟ.

"ನೂರಹತ್ತಕ್ಕೆ ಕಮ್ಮಿ ಗಿಟ್ಟಲ್ಲ ಅಂತ ಬರ್ಕೊಂಡು ಬಂದಿದೀನಿ. ಒಂದು ಮಾತು ಕೇಳ್ಬಾರದಿತ್ತಾ?"

"ಕೊಡು, ನೋಡೋಣ." ಅಮರೇಶ ಹಾಳೆ ಇಸಕೊಂಡು ಪೆನ್ನಿನ ತುದಿಯನ್ನು ಸಾಲಿನಿಂದ ಸಾಲಿಗೆ ಇಳಿಸುತ್ತಾ ಹೋದ. "ಬಟ್ಟೆ ಅವರದ್ದು. ಬಣ್ಣ, ಅಂಟು, ಕೂಲಿ, ಕರೆಂಟು, ಒಗೆತ, ಸ್ಕ್ರೀನು. ಇಲ್ಲೀವರ್ಗೂ ಸರಿ. ಇದೇನು ಕೊನೇಲಿ, ಡಿಸೈನ್ ಬಾಬ್ತು?"

"ಡಿಸೈನು ಮಾಡಿದ್ದರ ಖರ್ಚು."

"ಅದನ್ನ ಮಾಡೋಳು ನೀನಲ್ವಾ?"

"ಹೌದು."

"ಮತ್ತೆ ಅದಕ್ಕೆಲ್ಲಿ ಖರ್ಚು?" ಅವನ ಮುಖದಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳುತ್ತಿದ್ದ. ಸರ್ವಮಂಗಳಾಗೆ ಮೈ ಉರಿದದ್ದು ಅದಕ್ಕೇ. ಬೇಕಂತ ಹೇಳುವವನ ಜೊತೆ ಜಗಳವಾಡಬಹುದು, ತಿಳಿಯದೆ ಕೇಳುವವನ ಜೊತೆ ಏನು ಮಾಡುವುದು?

ಅದು ತೊಂಬತ್ತೆಂಟನೇ ಇಸವಿಯ ಜ್ಯೇಷ್ಠ ಮಾಸ. ಕಡಕೊಳದ ಕೈಗಾರಿಕಾ ಪ್ರದೇಶದಲ್ಲಿ ಗಂಡ ಹೆಂಡತಿ ಸೇರಿ ಸೀರೆಗೆ ಅಚ್ಚು ಹಾಕುವ ಶೆಡ್ಡು ತೆರೆದು ಒಂಬತ್ತು ವರ್ಷವಾಗಿತ್ತು. ಅಮರೇಶನ ತಂದೆಯ ಕಾಲದಲ್ಲಿ ಅವರದ್ದು ಜವಳಿ ಅಂಗಡಿ. ಊರಿನ ಮಠದ ಭಕ್ತರೆಲ್ಲ ಮದುವೆ ಜವಳಿಗೆ ಅಲ್ಲಿಗೇ ಬರುತ್ತಿದ್ದರು. ಹಾಗಾಗಿ ಬಟ್ಟೆಯ ಬೆಲೆ ಅವನಿಗೆ ಮುಟ್ಟಿದರೆ ಗೊತ್ತಾಗುತ್ತಿತ್ತು. ಚಿತ್ರಕಲೆ ಓದಿ ಬಂದಿದ್ದ ಸರ್ವಮಂಗಳಾಗೆ ಬಟ್ಟೆಯ ಮೇಲೆ ಏನು ಬರಬೇಕೆಂಬುದು ಗೊತ್ತಿತ್ತು. ಇಬ್ಬರೂ ಸೇರಿದರೆ ಒಂದು ವ್ಯಾಪಾರ ಎಂದು ಎಲ್ಲರೂ ಹೇಳಿದ್ದರು. ಸುಳ್ಳೇನಲ್ಲ. ಆದರೆ ಆ ವ್ಯಾಪಾರದಲ್ಲಿ ಅವಳ ಅರ್ಧ ಎಂದೂ ಲೆಕ್ಕಕ್ಕೆ ಬಂದಿರಲಿಲ್ಲ.

ಬೆಂಗಳೂರಿನ ಒಂದು ದೊಡ್ಡ ಸೀರೆ ಅಂಗಡಿಗೆ ಖರೀದಿ ಮಾಡುವ ಹರೀಶ್ ಒಂದು ವಾರದ ನಂತರ ಕಾರಿನಲ್ಲಿ ಬಂದಿಳಿದ. ಮಾತಿನಲ್ಲಿ ಬಹಳ ಮರ್ಯಾದಸ್ಥ. ಸರ್ವಮಂಗಳಾ ಐದು ಡಿಸೈನು ಬರೆದು ಇಟ್ಟಿದ್ದಳು. ಅವನು ನಾಲ್ಕನ್ನು ಬದಿಗೆ ಸರಿಸಿ, ಬಾಳೆ ಹೂವಿನ ಬಾರ್ಡರಿದ್ದ ಒಂದನ್ನು ಎತ್ತಿಕೊಂಡ.

"ಇದು ಚೆನ್ನಾಗಿದೆ ಮೇಡಂ. ಬಾರ್ಡರ್ ಒಂಚೂರು ಸಣ್ಣ ಮಾಡಿ. ಈ ನೇರಳೆ ಬದಲು ರಾಮಾ ಗ್ರೀನ್ ಇರಲಿ. ಸೆರಗಲ್ಲಿ ಹೂವು ಮೇಲ್ಮುಖ ಮಾಡಿ. ನಿಮ್ಮ ಕೈಗೆ ಇದೆಲ್ಲ ಐದು ನಿಮಿಷದ ಕೆಲಸ."

ಬಾರ್ಡರು ಸಣ್ಣದಾದರೆ ಹೂವಿನ ಅಳತೆ ಬದಲಾಗುತ್ತದೆ. ಅಳತೆ ಬದಲಾದರೆ ಸೀರೆಯುದ್ದಕ್ಕೂ ಒಂದು ಹೂವಿಗೆ ಇನ್ನೊಂದು ಹೂವು ಕೂಡಿಕೊಳ್ಳುವ ಜಾಗವನ್ನು ಮತ್ತೆ ಹೊಂದಿಸಬೇಕು. ಒಂದೊಂದು ಬಣ್ಣವನ್ನೂ ಬೇರೆ ಬೇರೆ ಹಾಳೆಯ ಮೇಲೆ ಮತ್ತೆ ಬಿಡಿಸಬೇಕು, ಒಂದೊಂದು ಹಾಳೆಗೂ ಬಣ್ಣ ಇಳಿಸುವ ಬಲೆಬಟ್ಟೆಯ ಚೌಕಟ್ಟು, ಅಂದರೆ ಹೊಸ ಸ್ಕ್ರೀನು, ಮಾಡಿಸಬೇಕು. ಸರ್ವಮಂಗಳಾ ಇದನ್ನೆಲ್ಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಮರೇಶ, "ಆಗುತ್ತೆ ಸಾರ್, ಸೋಮವಾರ ಸ್ಯಾಂಪಲ್ ಕಳಿಸ್ತೀನಿ" ಎಂದುಬಿಟ್ಟ.

ಸೋಮವಾರದ ಸ್ಯಾಂಪಲ್ಲಿನಲ್ಲಿ, ನೀಲಿ ಬೆರೆತಿರಬೇಕಾದ ಆ ಬಣ್ಣದಲ್ಲಿ ಹಸಿರು ಹೆಚ್ಚಾಯಿತು ಎಂದು ಹರೀಶ್ ಫೋನು ಮಾಡಿದ. ಮುಂದಿನದರಲ್ಲಿ ಕಡಿಮೆಯಾಯಿತು. ಬಣ್ಣ ಕಲಸುವ ಹುಚ್ಚಣ್ಣ ಬಕೆಟ್ಟುಗಳ ನಡುವೆ ಕೂತು ಗೊಣಗಿದ: "ಅವ್ರ ಕಣ್ಣಿಗೆ ಯಾವ್ದು ಅಸ್ರು, ಯಾವ್ದು ನೀಲಿ ಅಂತ್ಲೇ ಗೊತ್ತಿಲ್ಲ ಕಣಮ್ಮ. ಎಂಗೆ ಕಲ್ಸೋದು ಏಳಿ." ಮೂರನೆಯ ಸಲ ಬಣ್ಣ ಒಪ್ಪಿಗೆಯಾಯಿತು. ಆದರೆ ಬಾರ್ಡರು ಮೊದಲಿದ್ದಷ್ಟೇ ಅಗಲ ಇದ್ದರೆ ಚೆನ್ನಾಗಿತ್ತಲ್ಲವೇ ಎಂದು ಅಂಗಡಿಯ ಯಜಮಾನರಿಗೆ ಅನ್ನಿಸಿತಂತೆ.

ಸರ್ವಮಂಗಳಾ ಮಧ್ಯಾಹ್ನದ ಅಡಿಗೆ ಮುಗಿಸಿ ಸಿದ್ಧಾರ್ಥನಗರದ ಮನೆಯ ಊಟದ ಮೇಜಿನ ಮೇಲೇ ಹಾಳೆ ಹರಡಿಕೊಂಡು ಮತ್ತೆ ಕೂತಳು. ಅತ್ತೆ ಪಾರ್ವತಮ್ಮ ಎದುರಿಗೆ ಬೆಳ್ಳುಳ್ಳಿ ಸುಲಿಯುತ್ತಾ, "ನಿನ್ನೆ ಇದ್ನೇ ಬರೀತಿದ್ಯಲ್ಲವ್ವ, ಇನ್ನೂ ಮುಗೀಲಿಲ್ವಾ?" ಎಂದು ಕೇಳಿದರು.

"ಮುಗಿದಿತ್ತು ಅತ್ತೆ. ಮುಗಿದಿದ್ದನ್ನೇ ಮತ್ತೆ ಶುರು ಮಾಡ್ತಿದೀನಿ."

ಕೊನೆಗೂ ಆರ್ಡರು ಬಂತು. ಅದನ್ನು ನೋಡಿ ಸರ್ವಮಂಗಳಾ ಕುರ್ಚಿಗೆ ಒರಗಿದಳು. ಒಂದೊಂದು ಡಿಸೈನಿಗೂ ಇನ್ನೂರು ಸೀರೆ ಎಂದಿದ್ದ ಹರೀಶ್ ಕಳಿಸಿದ್ದು ಐದು ಡಿಸೈನು, ತಲಾ ನಲವತ್ತು ಸೀರೆ. ಬಾಳೆ ಹೂವಿನದು ಒಂದು ಸಿದ್ಧವಾಗಿತ್ತು, ಉಳಿದ ನಾಲ್ಕನ್ನು ಹೊಸದಾಗಿ ಮಾಡಬೇಕಿತ್ತು. ಗಿರಾಕಿಗಳು ಒಂದೇ ಥರದ ಸೀರೆ ಇಬ್ಬರ ಮೈಮೇಲೆ ಕಾಣಬಾರದು ಅನ್ನುತ್ತಾರಂತೆ.

"ಒಟ್ಟು ಇನ್ನೂರೇ ಆಯ್ತಲ್ಲ" ಎಂದ ಅಮರೇಶ.

"ಒಟ್ಟು ಇನ್ನೂರಾದ್ರೆ ಏನು ಬಂತ್ರೀ? ಒಂದು ಡಿಸೈನಿಗೆ ಮಾಡಿದ ಖರ್ಚನ್ನ ಇನ್ನೂರು ಸೀರೆ ಹೊರೋದು ಬೇರೆ, ನಲವತ್ತು ಹೊರೋದು ಬೇರೆ. ಒಂದೇ ಅಡಿಗೆ ಇನ್ನೂರು ಜನಕ್ಕೆ ಮಾಡೋದಕ್ಕೂ, ಐದು ಮನೇಲಿ ಐದು ಥರ ಮಾಡೋದಕ್ಕೂ ಒಂದೇ ಸೌದೆ ಸಾಕಾ?"

"ಈಗ ಎಂಬತ್ತೈದು ಅಂತ ಬಾಯಿ ಬಿಟ್ಟಾಗಿದೆ. ಹಿಂದೆ ತಗೊಂಡ್ರೆ ಮುಖ ಇರುತ್ತಾ? ಈ ಒಂದು ಸಲ ಮಾಡ್ಬುಡು ಮಂಗಳಾ."

ಈ ಒಂದು ಸಲ ಎಂಬುದು ಅವಳ ಮದುವೆಯಷ್ಟೇ ಹಳೆಯ ಮಾತು. ಆದರೂ ಮಾಡಿದಳು. ನಾಲ್ಕನೆಯ ಡಿಸೈನಿನ ಹೊತ್ತಿಗೆ ಬಲಗೈ ಮಣಿಕಟ್ಟು ಬಾತುಕೊಂಡು ಪೆನ್ಸಿಲು ಹಿಡಿಯಲಾಗಲಿಲ್ಲ. ಡಾಕ್ಟರು ಪಟ್ಟಿ ಸುತ್ತಿ, ಎರಡು ತಿಂಗಳು ಈ ಕೈಯಲ್ಲಿ ಗೆರೆ ಎಳೆಯಕೂಡದು ಎಂದರು.

ಅಮರೇಶ ಗಾಬರಿಯಾದ. ಕೈಯ ಬಗ್ಗೆಯೂ ಅವನಿಗೆ ಚಿಂತೆಯಿತ್ತು. ಪ್ರತಿದಿನ ಬೆಳಿಗ್ಗೆ ಅವನೇ ಬಿಸಿನೀರು ಕಾಯಿಸಿ ಕೊಡುತ್ತಿದ್ದ. ಆದರೆ ಡಿಸೈನು ನಿಂತರೆ ಶೆಡ್ಡು ನಿಲ್ಲುತ್ತದೆ. ಅಲ್ಲಿ ಇಲ್ಲಿ ವಿಚಾರಿಸಿ, ಅಶೋಕಪುರಂನ ಮಂಜುಶ್ರೀ ಎಂಬ ಹುಡುಗಿಯನ್ನು ಕರೆಸಿದ. ಟೆಕ್ಸ್‌ಟೈಲ್ ಡಿಸೈನ್ ಓದಿ, ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿ ಊರಿಗೆ ವಾಪಸ್ಸು ಬಂದವಳು. ಸರ್ವಮಂಗಳಾ ಪಟ್ಟಿ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದಳು.

ಮಂಜುಶ್ರೀ ಹಳೆಯ ಡಿಸೈನುಗಳನ್ನೆಲ್ಲ ನಿಧಾನವಾಗಿ ನೋಡಿದಳು. "ಇವೆಲ್ಲ ಮೇಡಂ ಒಬ್ರೇ ಮಾಡಿದ್ದಾ?" ಎಂದು ಕೇಳಿದಳು. ಆಮೇಲೆ ಅಮರೇಶನ ಕಡೆ ತಿರುಗಿ, "ನಾನು ಡಿಸೈನಿಗೆ ಇಷ್ಟು ಅಂತ ತಗೋತೀನಿ ಸಾರ್. ಪಾರ್ಟಿ ಬೇಡ ಅಂದ್ರೂ ಅರ್ಧ ಕೊಡ್ಬೇಕು, ಬರ್ದಿದ್ದಂತೂ ಬರ್ದಾಗಿರುತ್ತೆ. ಒಂದು ಸಲ ತಿದ್ದೋದು ಅದರಲ್ಲೇ ಬಂತು. ಎರಡನೇ ಸಲದಿಂದ ಬೇರೆ ಚಾರ್ಜು. ಬಣ್ಣದ ಹಾಳೆಗಳಿಗೂ ಬೇರೆ" ಎಂದಳು.

ಅವಳು ಹೇಳಿದ ಮೊತ್ತ ಸರ್ವಮಂಗಳಾ ತನ್ನ ಹಾಳೆಯ ಕೊನೆಯ ಸಾಲಿನಲ್ಲಿ ಬರೆದದ್ದಕ್ಕಿಂತ ಜಾಸ್ತಿಯೇ ಇತ್ತು. ಅಮರೇಶ ಈಗ ಸಿಡಿಯುತ್ತಾನೆ ಎಂದು ಅವಳು ಕಾದಳು. ಅವನು ಒಂದು ಕ್ಷಣ ಯೋಚಿಸಿ, "ನ್ಯಾಯವಾಗೇ ಇದೆ ಬಿಡಮ್ಮ. ಸೋಮವಾರದಿಂದ ಬಾ" ಎಂದ.

ಇಬ್ಬರೂ ಸ್ಕೂಟರಿನಲ್ಲಿ ನಂಜನಗೂಡು ರಸ್ತೆ ಹಿಡಿದು ಮನೆಗೆ ಹೊರಟರು. ಆಷಾಢದ ಶುಕ್ರವಾರ, ಬೆಟ್ಟದಲ್ಲಿ ದೇವಿಯ ದರ್ಶನ ಮುಗಿಸಿ ವಾಪಸ್ಸಾಗುವ ಜನ ತುಂಬಿದ ಬಸ್ಸುಗಳ ಹಿಂದೆ ಸಿಕ್ಕಿಕೊಂಡು ಸ್ಕೂಟರು ತೆವಳುತ್ತಿತ್ತು. ಗೇಟಿನ ಮುಂದೆ ಇಳಿದ ಸರ್ವಮಂಗಳಾ ಗಂಡನ ಕಡೆ ತಿರುಗಿದಳು.

"ನಾನು ಒಂಬತ್ತು ವರ್ಷದಿಂದ ಹೇಳಿದ್ದನ್ನೇ ಆ ಹುಡುಗಿ ಐದು ನಿಮಿಷ ಹೇಳಿದ್ಳು. ಒಪ್ಕೊಂಡ್ರಿ."

"ಅವಳಿಗೆ ಕೊಡ್ಲೇಬೇಕಲ್ಲ ಮಂಗಳಾ. ಹೊರಗಿನವಳು."

"ನಾನು?"

"ನೀನು ಮನೆಯವಳು." ಸಮಾಧಾನ ಹೇಳುವ ದನಿಯಲ್ಲಿ ಅಂದು, ಅವನು ಸ್ಕೂಟರನ್ನು ಒಳಗೆ ತಳ್ಳಿದ.

ಮಂಜುಶ್ರೀ ಬಂದ ಮೇಲೆ ಶೆಡ್ಡಿನ ಲೆಕ್ಕದಲ್ಲಿ ಡಿಸೈನಿನ ಬಾಬ್ತು ತಾನಾಗಿ ಹುಟ್ಟಿಕೊಂಡಿತು. ತಿಂಗಳ ಕೊನೆಗೆ ಅಮರೇಶ ತಲೆಯ ಮೇಲೆ ಕೈಹೊತ್ತು ಕೂತ. ಎಂಬತ್ತೈದಕ್ಕೆ ಒಪ್ಪಿಕೊಂಡ ಸೀರೆ ನಲವತ್ತರ ಲೆಕ್ಕದಲ್ಲಿ ನೂರಿಪ್ಪತ್ತಕ್ಕೂ ಗಿಟ್ಟುತ್ತಿರಲಿಲ್ಲ. "ಇಷ್ಟು ದಿನ ಹೆಂಗೆ ನಡೀತಿತ್ತು?" ಎಂದು ಅವನು ತನ್ನಷ್ಟಕ್ಕೆ ಅಂದದ್ದು ಸರ್ವಮಂಗಳಾಗೆ ಕೇಳಿಸಿತು. ಉತ್ತರ ಅವನೆದುರಿಗೇ ಕೂತಿತ್ತು. ಅವನು ಗೋಡೆ ನೋಡುತ್ತಿದ್ದ.

ಮುಂದಿನ ಸಲ ಹರೀಶ್ ಬಂದಾಗ ಅವಳು ಗಂಡನ ಮಾತಿಗೆ ಕಾಯಲಿಲ್ಲ. "ಇನ್ಮೇಲೆ ಡಿಸೈನಿನ ಚಾರ್ಜು ಬೇರೆ ಹರೀಶ್ ಅವ್ರೇ. ಒಂದು ಡಿಸೈನಿಗೆ ಇನ್ನೂರು ಸೀರೆ ಮೇಲೆ ಕೊಟ್ರೆ ರೇಟಲ್ಲೇ ಸೇರ್ಸ್ಕೋತೀವಿ. ಅದಕ್ಕೆ ಕಮ್ಮಿ ಆದ್ರೆ ಮೊದ್ಲೇ ಕೊಡ್ಬೇಕು."

ಹರೀಶ್ ಮರ್ಯಾದೆಯಿಂದಲೇ ನಕ್ಕ. "ಪ್ರಿಂಟಿಂಗಿಗೆ ದುಡ್ಡು ಕೊಡ್ತೀವಿ ಮೇಡಂ. ಚಿತ್ರ ಬರೆಯೋದು ನಿಮಗೆ ಹವ್ಯಾಸ ಅಂದ್ಕೊಂಡಿದ್ದೆ. ಅಮರೇಶ್ ಅವ್ರೇ ಹಂಗೆ ಹೇಳಿದ್ರು."

ಸರ್ವಮಂಗಳಾ ಗಂಡನ ಮುಖ ನೋಡಿದಳು. ಅವನು ಕಾಫಿ ಲೋಟದೊಳಗೆ ನೋಡುತ್ತಿದ್ದ.

ಆ ಸಲ ಹರೀಶ್ ಎರಡು ಡಿಸೈನಿಗೆ ಮಾತ್ರ ಆರ್ಡರು ಕೊಟ್ಟ. ಚಾರ್ಜನ್ನೂ ಕೊಟ್ಟ. ಕಾರು ಹೊರಟಮೇಲೆ ಅಮರೇಶ ಶೆಡ್ಡಿನ ಖಾಲಿ ಮೇಜುಗಳನ್ನು ತೋರಿಸಿದ. "ನೋಡು, ನಿನ್ನ ಹಟಕ್ಕೆ ಮೂರು ಮೇಜು ಖಾಲಿ."

"ನಷ್ಟಕ್ಕೆ ಪ್ರಿಂಟು ಮಾಡೋದಕ್ಕಿಂತ ಮೇಜು ಖಾಲಿ ಇರೋದು ವಾಸಿ" ಎಂದಳು. "ನನ್ನ ಕೈ ವಾಸಿಯಾಗ್ತಾ ಬಂತು. ನಾನು ಮತ್ತೆ ಕೂರಬೇಕು ಅಂದ್ರೆ ಮಂಜುಶ್ರೀಗೆ ಕೊಡೋ ರೇಟೇ ನನಗೂ ಕೊಡಿ. ನನ್ನ ಹೆಸರಲ್ಲಿ, ನನ್ನ ಬ್ಯಾಂಕಿಗೆ."

ಅಮರೇಶ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ, ಬಹಳ ಉದಾರ ಮನಸ್ಸು ಮಾಡಿದವನಂತೆ, "ಆಯ್ತು. ಅರ್ಧ ರೇಟು ಕೊಡ್ತೀನಿ. ಮನೆ ಒಳಗಿನ ವ್ಯವಹಾರ ಅಲ್ವಾ, ಅದನ್ನೂ ನೋಡ್ಬೇಕಲ್ಲ" ಎಂದ.

ಅವಳಿಗೆ ಕೂಗಾಡಬೇಕೆನ್ನಿಸಿತು, ಆದರೆ ಕೂಗಾಡಿ ಪ್ರಯೋಜನವಿಲ್ಲವೆಂದು ಗೊತ್ತಿತ್ತು. ಒಳಗೆ ಹೋಗಿ ಮುಂದಿನ ಕೋಣೆಯಲ್ಲಿದ್ದ ಮಂಚವನ್ನು ಅತ್ತೆಯ ನೆರವಿನಿಂದ ಹಿಂದಕ್ಕೆ ಸಾಗಿಸಿದಳು. ಆ ಜಾಗದಲ್ಲಿ ಉದ್ದನೆಯ ಮೇಜು ಹಾಕಿಸಿದಳು. ಊರಿನದೇ ಇನ್ನೊಂದು ತುದಿಯ ಹೆಬ್ಬಾಳದಲ್ಲಿ ಹೊದಿಕೆಗಳಿಗೆ ಅಚ್ಚು ಹಾಕುವ ಒಬ್ಬರಿಗೆ ಡಿಸೈನು ಬೇಕಿತ್ತು. ಮಂಜುಶ್ರೀಯೇ ಹೇಳಿ ಕಳಿಸಿದ್ದಳು. ಅವರು ಚಾರ್ಜು ಎಷ್ಟೆಂದು ಕೇಳಿದರು, ಸ್ವಲ್ಪ ಎಳೆದಾಡಿದರು, ಒಪ್ಪಿದರು. ಡಿಸೈನಿನಿಂದ ಹುಟ್ಟಿದ ಮೊದಲ ಹಣವನ್ನು ಅವಳು ಬ್ಯಾಂಕಿಗೆ ಕಟ್ಟಿ ಬಂದಳು. ಖುಷಿಯಾಗಬೇಕಿತ್ತು. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂಬ ಸಿಟ್ಟೇ ಹೆಚ್ಚಾಗಿತ್ತು.

ಕಾರ್ತಿಕದಲ್ಲಿ ಮದುವೆ ಸೀರೆಗಳ ಕೆಲಸ ಶುರುವಾಯಿತು. ಮಂಜುಶ್ರೀ ಒಬ್ಬಳ ಕೈಯಲ್ಲಿ ಎಲ್ಲ ಆಗುವಂತಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಅಮರೇಶ ಮುದ್ದೆ ಮುರಿಯುತ್ತಾ, ಯಾವುದೋ ಹೊರಗಿನ ಸುದ್ದಿ ಹೇಳುವವನಂತೆ ಅಂದ: "ಒಂದು ಸೆರಗು ಆಗ್ಬೇಕಿತ್ತು. ತೆನೆ ಥರದ್ದು."

"ಎಷ್ಟು ಬಣ್ಣ?"

"ನಾಲ್ಕು."

ಸರ್ವಮಂಗಳಾ ರೇಟು ಹೇಳಿದಳು. ಮಂಜುಶ್ರೀಯ ರೇಟೇ. ಎರಡನೆಯ ತಿದ್ದುಪಡಿಗೆ ಬೇರೆ.

ಅಮರೇಶ ನಕ್ಕ. ಅವಳು ನಗದಿದ್ದುದನ್ನು ನೋಡಿ ನಿಲ್ಲಿಸಿದ. "ಅಮ್ಮ, ಕೇಳಿದ್ಯಾ? ಗಂಡನ ಹತ್ರ ಚಾರ್ಜು."

ಪಾರ್ವತಮ್ಮ ಸಾರು ಕಲಸಿಕೊಳ್ಳುತ್ತಿದ್ದರು. "ನಿಮ್ಮಪ್ಪ ಇದ್ದಾಗ ನಾನೂ ಅಂಗಡೀಲಿ ಕೂತು ಬಟ್ಟೆ ಅಳೆದಿದೀನಿ ಕಣೋ" ಎಂದರು. "ಒಂದು ದಿನ ಯಾರೂ ನಂಗೆ ಎಷ್ಟು ಅಂತ ಕೇಳ್ಲಿಲ್ಲ. ಅವಳು ಕೇಳಿದ್ದು ಕೊಡು, ಇಲ್ಲ ಬುಡು."

ಅಮರೇಶ ಮುದ್ದೆಯ ಇನ್ನೊಂದು ತುತ್ತು ಮುರಿದ.

"ಒಂದು ಐವತ್ತಾದ್ರೂ ಇಳಿಸು" ಎಂದ ಅಮರೇಶ.

"ಆಗಲ್ಲ."

"ಹಂಗಾದ್ರೆ ನಾಳೆ ಯೋಚನೆ ಮಾಡಿ ಹೇಳ್ತೀನಿ."

"ನಾಳೆಯಿಂದ ಹೆಬ್ಬಾಳದವರ ಕೆಲಸ ಇದೆ" ಎಂದು ಸರ್ವಮಂಗಳಾ ಅವನ ತಟ್ಟೆಗೆ ಸಾರು ಬಡಿಸಿದಳು. "ಹೇಳೋದಿದ್ರೆ ಕೈ ತೊಳೆಯೋದ್ರೊಳಗೆ ಹೇಳಿ."