ವಾಪಸ್ ಬರುವ ಖಾತ್ರಿ

ಮಡಿವಾಳೆಪ್ಪ ಕಾಕಾ ಒಂದೇ ಮಾತಿಗೆ ಹೂಂ ಅಂದದ್ದು ಶಾಂಭವಿಗೆ ಸರಿಕಾಣಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈಸಿಕೊಳ್ಳಲು ತಯಾರಾಗಿಯೇ ಅವಳು ಶಾಲೆಯಿಂದ ಬಂದಿದ್ದಳು, ನವಲಗುಂದದಿಂದ ಊರ ತನಕ ಬಸ್ಸಿನಲ್ಲಿ ಉತ್ತರಗಳನ್ನು ಜೋಡಿಸಿಕೊಂಡು. ಅವೆಲ್ಲ ಹೊಟ್ಟೆಯಲ್ಲೇ ಉಳಿದವು. ಯುರೋಪಿಗೆ ಪ್ರವಾಸ ಹೋಗುತ್ತೇನೆಂದರೆ ಕಾಕಾ ಎಲೆಯಡಿಕೆ ಮೆಲ್ಲುತ್ತಲೇ, ನೋಡುವ ವಯಸ್ಸಿನಲ್ಲಿ ನೋಡಬೇಕು, ಹೋಗಿ ಬಾ ಅಂದುಬಿಟ್ಟ. ಇದೇ ಮನುಷ್ಯ ಅವಳು ಬಿ.ಎಡ್. ಓದಲು ಧಾರವಾಡಕ್ಕೆ ಹೊರಟಾಗ ಊಟ ಬಿಟ್ಟು ಕೂತಿದ್ದ.

ಕಾಕಾನನ್ನು ಕೆಟ್ಟವನೆನ್ನಲು ಬಾಯಿ ಬರುವುದಿಲ್ಲ. ಅವಳಪ್ಪ ಹಾಸಿಗೆ ಹಿಡಿದಾಗ ಮಗ್ಗುಲಲ್ಲಿ ಕೂತು ಗಂಜಿ ಕುಡಿಸಿದವನು ಅವನೇ. ಅಪ್ಪ ಹೋದ ಮೇಲೆ ಅವಳನ್ನೂ ಅವಳ ಅವ್ವ ಶಾರದವ್ವನನ್ನೂ ಬೇರೆಯವರೆಂದು ಕಂಡವನಲ್ಲ. ಹೆಂಡತಿ ಮಕ್ಕಳಿಲ್ಲದ ಅವನ ಜೀವವೆಲ್ಲ ಊರಾಚೆಯ ಕಪ್ಪು ಮಣ್ಣಿನ ಎರೆ ಹೊಲದಲ್ಲಿತ್ತು. ಅಣ್ಣತಮ್ಮಂದಿರ ಹೊಲ, ಪಾಲಾಗದೇ ಉಳಿದದ್ದು. ಅದರ ಬದುವಿನ ಮೇಲೆ ಯಾರಾದರೂ ಎಮ್ಮೆ ಹಾಯಿಸಿದರೆ ತನ್ನ ಎದೆಯ ಮೇಲೆ ಹಾಯಿಸಿದಂತೆ ಹಾರಾಡುತ್ತಿದ್ದ. ಇಂಥವನು ಮನೆಯ ಹುಡುಗಿ ಸಮುದ್ರ ದಾಟುತ್ತೇನೆ ಅಂದರೆ ನಕ್ಕು ಕಳಿಸುತ್ತಾನೆಯೇ? ಆ ರಾತ್ರಿ ಶಾಂಭವಿಗೆ ನಿದ್ದೆ ಹತ್ತಲಿಲ್ಲ.

ಹೋಗುವುದು ಯಾಕೆಂಬುದನ್ನು ಅವಳು ಪೂರ್ತಿ ಹೇಳಿರಲಿಲ್ಲ. ಬೆಲ್ಜಿಯಂನ ಯೊರಿಸ್ ಎಂಬುವನು ಎರೆ ಭೂಮಿಯ ಅಭ್ಯಾಸಕ್ಕೆಂದು ಒಂದು ಬೇಸಿಗೆಯಲ್ಲಿ ಈ ಕಡೆ ಬಂದಿದ್ದ. ಬಿಸಿಲಿಗೆ ಹೊಲ ಬಾಯಿಬಿಟ್ಟಾಗ ಬಿರುಕುಗಳೊಳಗೆ ಕೋಲು ಇಳಿಸಿ ಅಳೆಯುವುದೇ ಅವನ ಉದ್ಯೋಗ. ಊರ ಮಂದಿ ಅವನನ್ನು ಮಣ್ಣಿನ ಸಾಹೇಬ ಎಂದು ಕರೆದು ಮಜಾ ಮಾಡಿದರು. ವಿಜ್ಞಾನದ ಟೀಚರಲ್ಲವೇ ಎಂದು ಶಾಂಭವಿಯನ್ನು ಅವನ ಮಾತು ಕನ್ನಡಕ್ಕೆ ತಿರುಗಿಸಿ ಹೇಳಲು ಕರೆದರು. ಹೇಳುತ್ತ ಹೇಳುತ್ತ ಅವಳು ಅವನವಳಾದಳು. ಅವನು ತನ್ನ ದೇಶಕ್ಕೆ ಹೋಗಿ ಎರಡು ವರ್ಷ, ಆ ಎರಡು ವರ್ಷವೂ ಪ್ರೀತಿ ಫೋನಿನಲ್ಲೇ ನಡೆದಿತ್ತು. ಈಗ ಅವನಿಗೆ ಸಾಕಾಗಿತ್ತು. ಕನ್ನಡಿಯೊಳಗಿನ ಹೆಂಗಸಿನ ಜೊತೆ ಬದುಕಿದ ಹಾಗೆ ಆಗುತ್ತಿದೆ, ಈ ಬೇಸಿಗೆಗಾದರೂ ಬಾ, ಬರಲಾಗದಿದ್ದರೆ ಇಬ್ಬರೂ ಇಷ್ಟಕ್ಕೇ ನಿಲ್ಲಿಸೋಣ ಎಂದಿದ್ದ. ಬೆದರಿಕೆಯ ದನಿಯಲ್ಲಿ ಹೇಳಿರಲಿಲ್ಲ, ದಣಿದು ಹೇಳಿದ್ದ. ಅದಕ್ಕೇ ಅವಳಿಗೆ ಹೆಚ್ಚು ಭಯವಾಗಿತ್ತು.

ಓಡಿಹೋಗುವ ವಿಚಾರ ಅವಳಲ್ಲಿ ಇರಲಿಲ್ಲ. ಶಾಲೆಯ ರಜೆಯಲ್ಲಿ ಹೋಗುವುದು, ಅವನ ಮನೆ, ಅವನ ಮಂದಿ, ಅವನ ಸಿಟ್ಟು ಎಲ್ಲ ಕಣ್ಣಾರೆ ನೋಡುವುದು, ಶಾಲೆ ತೆರೆಯುವಷ್ಟರಲ್ಲಿ ಬಂದು ಮುಂದಿನ ಮಾತನ್ನು ಕಾಕಾನ ಎದುರು ಕೂತೇ ಆಡುವುದು. ಇಷ್ಟೇ ಅವಳಿಗೆ ಬೇಕಿದ್ದದ್ದು.

ಪ್ರವಾಸದ ಬಗ್ಗೆ ಯೊರಿಸ್‌ನದು ಬೇರೆಯೇ ತಲೆ. ಒಂದು ರೈಲಿನ ಪಾಸು ತಗೊಳ್ಳುವುದು, ಮನಸ್ಸು ಬಂದ ಊರಲ್ಲಿ ಇಳಿಯುವುದು, ಬೇಜಾರಾದರೆ ಮುಂದಿನ ಗಾಡಿ ಹತ್ತುವುದು. ಹುಬ್ಬಳ್ಳಿಗೆ ಹೋದರೂ ಯಾವ ಬಸ್ಸಿಗೆ ತಿರುಗಿ ಬರುತ್ತೇನೆಂದು ಮನೆಯಲ್ಲಿ ಹೇಳಿ ಹೋಗುವ ನಮ್ಮ ಕಡೆಯವರಿಗೆ ಇದು ಹುಚ್ಚೇ. ವೀಸಾದವರೂ ಈ ವಿಷಯದಲ್ಲಿ ನಮ್ಮ ಕಡೆಯವರೇ ಎಂದು ಅವಳಿಗೆ ಹುಬ್ಬಳ್ಳಿಯ ಫಯಾಜ್‌ನ ಅಂಗಡಿಯಲ್ಲಿ ತಿಳಿಯಿತು. ಫಯಾಜ್ ಹಜ್ ಯಾತ್ರೆ, ದುಬೈ ನೌಕರಿ ಎಂದು ಎಷ್ಟೋ ಜನರ ಕಾಗದಪತ್ರ ಮಾಡಿಕೊಟ್ಟವನು, ಗುಣವಂತ. ಅವಳ ಮಾತು ಕೇಳಿ ತಲೆ ಮೇಲೆ ಕೈಹೊತ್ತ.

"ಮನಸ್ಸು ಬಂದಲ್ಲೆ ಇಳೀತೀನಿ ಅಂತ ಬರದ್ರ ಅವರು ನಿಮ್ಮನ್ನ ವಿಮಾನಾ ಹತ್ತಸಂಗಿಲ್ರಿ ಮೇಡಂ. ಎಲ್ಲೆ ಮಲಗ್ತೀರಿ, ಯಾವಾಗ ಏಳ್ತೀರಿ, ಎಲ್ಲಾ ಬೇಕು. ಎಲ್ಲಕ್ಕಿಂತಾ ಮುಖ್ಯ, ವಾಪಸ್ ಬರ್ತೀರಿ ಅನ್ನೂ ಖಾತ್ರಿ ಬೇಕು."

ಹಾಗೆಂದು ಅವನು ಪ್ಯಾರಿಸ್ಸಿನಲ್ಲೊಂದು, ಬ್ರಸೆಲ್ಸಿನಲ್ಲೊಂದು ಹೋಟೆಲಿನ ಕೋಣೆ ಹಿಡಿದು, ಯೊರಿಸ್‌ನ ಹುಚ್ಚು ಪ್ರವಾಸಕ್ಕೆ ಮೂಗುದಾರ ಹಾಕಿದ. ಗೆಳೆಯನ ಮಾತು ಬಂದಾಗ ಪೆನ್ನು ಕೆಳಗಿಟ್ಟು, ನಿಮ್ಮ ಇಷ್ಟ, ಆದರೆ ಹಾಗೆ ಬರೆದವರನ್ನು ವಾಪಸ್ ಬರುವವರಲ್ಲ ಎಂದು ತಿಳಿದು ವೀಸಾ ಕೊಡದಿರುವುದುಂಟು ಎಂದ. ಯೊರಿಸ್ ಮಾತ್ರ ಇದ್ದದ್ದು ಇದ್ದ ಹಾಗೆ ಬರೆ, ಕರೆಯೋಲೆ ನಾನು ಕೊಡುತ್ತೇನೆ ಎಂದು ಫೋನಿನಲ್ಲಿ ಹಟ ಹಿಡಿದ. ಶಾಂಭವಿ ಕೇಳಲಿಲ್ಲ. ಪರಿಚಯದವರು ಅಲ್ಲಿ ಯಾರೂ ಇಲ್ಲವೆಂದೇ ಬರೆಸಿದಳು. ಮನೆಯ ಹಿರಿಯರೊಬ್ಬರು, ಹೊಲದಲ್ಲಿ ಇವಳ ಪಾಲಿದೆ, ತಿರುಗಿ ಬರುತ್ತಾಳೆ ಎಂದು ಸಹಿ ಮಾಡಿಕೊಟ್ಟರೆ ಗಟ್ಟಿ ಎಂದ ಫಯಾಜ್. ಅವರ ಫೋನ್ ನಂಬರೂ ಕೊಡಬೇಕು. ಬೆಂಗಳೂರಿನಿಂದ ವಿಚಾರಿಸಿದರೆ ವಿಚಾರಿಸಿದರು, ಇಲ್ಲದಿದ್ದರೆ ಇಲ್ಲ. ವಿಚಾರಿಸುವುದಾದರೆ ನಿಮ್ಮನ್ನಾದರೂ ಕೇಳಬಹುದು, ಅವರನ್ನಾದರೂ ಕೇಳಬಹುದು.

ಕಾಕಾ ಸಹಿ ಮಾಡಿದ. ಸಹಿ ಮಾಡಿದ್ದಷ್ಟೇ ಅಲ್ಲ, ಅಪ್ಪ ತೀರಿಕೊಂಡಾಗಿನಿಂದ ನಾಳೆ ನಾಡಿದ್ದು ಎನ್ನುತ್ತ ಬಂದಿದ್ದ ಕೆಲಸವನ್ನು, ಹೊಲದ ಉತಾರಕ್ಕೆ, ಎಂದರೆ ಪಹಣಿಗೆ, ಅವಳ ಹೆಸರು ಸೇರಿಸುವುದನ್ನು, ತಾನೇ ತಹಶೀಲ್ದಾರರ ಕಚೇರಿಗೆ ಅಲೆದು ಮುಗಿಸಿದ. ಉತಾರವನ್ನು ಅವಳ ಕೈಗಿಟ್ಟು, "ಈಗ ನೀ ಈ ಮಣ್ಣಿನಾಕಿ ಆದಿ ನೋಡವ್ವಾ," ಎಂದ. ಬೇರೆ ಹೆಣ್ಣುಮಕ್ಕಳು ಇಂಥ ಮಾತಿಗೆ ಕಣ್ಣೀರು ಹಾಕಿಯಾರು. ಶಾಂಭವಿಗೆ ಇದೂ ಸರಿಕಾಣಲಿಲ್ಲ. ಅಡಿಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ಒಳಗೆ ಹೋಗಿ ಏನಾಯಿತೆಂದು ಕೇಳಿದರೆ, ಏನಿಲ್ಲ, ಹಂಚು ಕಾದಿಲ್ಲ ಎಂದಳು. ಹಂಚಿನಿಂದ ಹೊಗೆ ಏಳುತ್ತಿತ್ತು.

ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು, ಪಾಸ್‌ಪೋರ್ಟನ್ನು ಅಲ್ಲೇ ಬಿಟ್ಟು ಬಂದಳು. ಇನ್ನು ಕಾಯುವುದು. ಕಾಕಾ ದಿನವೂ ಕೇಳುತ್ತಿದ್ದ, ಬಂತೇ ಎಂದು. ಒಂದು ಮುಂಜಾನೆ ಹೊಲಕ್ಕೆ ಹೊರಟವನು ಹೊಸ್ತಿಲಲ್ಲಿ ನಿಂತು, ಮೆಟ್ಟು ಹಾಕಿಕೊಳ್ಳುತ್ತ ಹೇಳಿದ.

"ಇವತ್ತೋ ನಾಳೆಯೋ ನಿನಗೊಂದು ಫೋನ್ ಬರ್ತೈತಿ. ಏನ್ ಕೇಳ್ತಾರ ಅದಕ್ಕ ನೆಟ್ಟಗ ಉತ್ತರಾ ಕೊಡು."

ನಿನಗೆ ಹೇಗೆ ಗೊತ್ತು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಸಹಿ ಹಾಕಿದವನಿಗೆ ತಿಳಿಸಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆಸೆ ಇದ್ದವರ ಬುದ್ಧಿ ಹೀಗೇ, ಬೇಕಾದ ಉತ್ತರವನ್ನು ತಾನೇ ಹೊಲಿದುಕೊಳ್ಳುತ್ತದೆ.

ಫೋನು ಶಾಲೆಯಲ್ಲಿ ಬಂತು, ಪರೀಕ್ಷೆಯ ಪೇಪರು ತಿದ್ದುತ್ತಿದ್ದಾಗ. ಗೊತ್ತಿಲ್ಲದ ನಂಬರು. ಹೆಂಗಸಿನ ದನಿ, ಕಚೇರಿಯ ದನಿ, ಒಂದೊಂದು ಅಕ್ಷರವೂ ತೂಗಿ ಇಟ್ಟ ಹಾಗೆ. ನಿಮ್ಮ ಪೂರ್ಣ ಹೆಸರು ಹೇಳಿ ಎಂದಿತು. ವಯಸ್ಸು, ನೌಕರಿ ಖಾಯಂ ಆಗಿದೆಯೇ, ಮನೆಯಲ್ಲಿ ಯಾರಿದ್ದಾರೆ, ಹೊಲದ ಉತಾರದಲ್ಲಿ ಹೆಸರಿದೆಯೇ. ಶಾಂಭವಿ ಬೇವಿನ ಮರದ ನೆರಳಿಗೆ ಹೋಗಿ ನಿಂತು, ಫಯಾಜ್ ಹೇಳಿಕೊಟ್ಟಂತೆ, ಒಂದಕ್ಕೂ ತಡವರಿಸದೆ ಉತ್ತರ ಕೊಟ್ಟಳು.

"ವಿದೇಶದಲ್ಲಿ ನೆಲೆಸುವ ವಿಚಾರ ಇದೆಯೇ?"

"ಇಲ್ಲ ಮೇಡಂ. ನನ್ನ ನೌಕರಿ, ನನ್ನ ಹೊಲ, ನನ್ನ ತಾಯಿ, ಎಲ್ಲ ಇಲ್ಲೇ. ನಾನು ಈ ಊರು ಬಿಡುವವಳಲ್ಲ."

"ಅಲ್ಲಿ ನಿಮಗೆ ಬೇಕಾದವರು ಯಾರಾದರೂ ಇದ್ದಾರೆಯೇ?"

ಅರ್ಜಿಯಲ್ಲಿ ಬರೆಸಿದ್ದನ್ನೇ ಹೇಳಿದಳು, "ಯಾರೂ ಇಲ್ಲ."

ಆ ದನಿ, ಬಹಳ ಸಂತೋಷ ಎಂದು ಫೋನಿಟ್ಟಿತು. ವೀಸಾ ಕಚೇರಿಯವರಿಗೆ ಸಂತೋಷವಾಗುವುದು ಯಾಕೆ ಎಂದು ಆಗ ಅವಳಿಗೆ ಹೊಳೆಯಲಿಲ್ಲ. ಸಂಜೆ ಯೊರಿಸ್‌ಗೆ ಎಲ್ಲ ಹೇಳಿದಳು. ಅವನು ಒಂದೇ ಮಾತು ಕೇಳಿದ, ಯಾರೂ ಇಲ್ಲ ಎಂದೆಯಾ ಎಂದು. ನಿನ್ನ ಹತ್ತಿರ ಬರುವುದಕ್ಕೇ ಹಾಗೆ ಹೇಳಿದೆ ಎಂದಳು ಇವಳು. ಅದು ಖರೆಯೂ ಹೌದು.

ರಜೆ ಶುರುವಾದ ಮೊದಲ ಸೋಮವಾರ ಮಧ್ಯಾಹ್ನ ಮನೆಗೆ ಮಂದಿ ಬಂದರು. ಬದುವಿನ ಆಚೆಗಿನ ಹೊಲದವರು ಬರುತ್ತಾರೆ, ಒಂದು ಹೊಸ ಸೀರೆ ಉಟ್ಟುಕೋ ಎಂದಷ್ಟೇ ಕಾಕಾ ಹೇಳಿದ್ದ. ಅವರು ಹುಬ್ಬಳ್ಳಿ ಸೇರಿ ಎಷ್ಟೋ ಕಾಲವಾಗಿತ್ತು, ಶಾಂಭವಿ ಅವರನ್ನು ನೋಡಿದವಳಲ್ಲ. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಮಗ ಹೇಮಂತ ಎಂಬವನು ತಲೆ ಬಗ್ಗಿಸಿ ಕೂತಿದ್ದ. ಅವನ ತಾಯಿ ಮಹಾದೇವಕ್ಕ, ಸರಕಾರಿ ಕಚೇರಿಯಲ್ಲಿ ಮೇಲಿನ ಹುದ್ದೆಯಲ್ಲಿದ್ದು ನಿವೃತ್ತಳಾದವಳು, ಗೋಡೆಗೆ ಆನಿಕೊಳ್ಳದೆ ನೆಟ್ಟಗೆ ಕೂತಿದ್ದಳು. ಶಾಂಭವಿ ನೀರಿನ ತಂಬಿಗೆ ಇಟ್ಟು ಹಿಂದೆ ಸರಿಯುವಾಗ ಅವಳು ಬಾಯಿ ತೆರೆದಳು.

"ನಿಮ್ಮ ಪೂರ್ಣ ಹೆಸರು ಹೇಳಿ."

ಹೇಳಿ ನಕ್ಕಳು ಮಹಾದೇವಕ್ಕ. ಫೋನಿನಲ್ಲಿ ಕೇಳಿದ ಅದೇ ದನಿ. ಬೇವಿನ ಮರದ ಕೆಳಗೆ, ಯಾರಿಗೆ ತನ್ನ ಬದುಕಿನ ವಿವರವೆಲ್ಲ ಒಪ್ಪಿಸಿದ್ದಳೆಂದು ಅವಳಿಗೆ ಈಗ ತಿಳಿಯಿತು. ಕಾಕಾನ ಮುಖ ನೋಡಿದಳು. ಅವನು ಅಡಿಕೆ ಕತ್ತರಿಸುತ್ತಿದ್ದ.

ಕಚೇರಿಯ ಚಟ, ಸಂಬಂಧ ಕೂಡಿಸುವ ಮೊದಲು ನಂಬರು ಇಸಿದುಕೊಂಡು ಹುಡುಗಿಯನ್ನು ನಾನೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು ಅನಿಸಿತು ಎಂದು ಮಹಾದೇವಕ್ಕ ವಿವರಿಸಿದಳು. ಇಷ್ಟು ನೇರ ಉತ್ತರ ಕೊಟ್ಟ ಹುಡುಗಿಯನ್ನು ಕಂಡಿಲ್ಲವಂತೆ. ಊರು ಬಿಡುವವಳಲ್ಲ, ಹೊರಗೆ ಯಾರೂ ಇಲ್ಲ, ಹೊಲದಲ್ಲಿ ಹೆಸರಿದೆ, ಇನ್ನೇನು ಬೇಕು? ನಡುವಿನ ಬದು ಒಂದು ಕೆಡವಿದರೆ ಎರಡು ಹೊಲ ಒಂದಾಗುತ್ತವೆ ಎಂದು ಕಾಕಾ ಸೇರಿಸಿದ. ಆ ಮಾತು ಹೇಳುವಾಗ ಅವನ ಮುಖ ಎಷ್ಟು ಬೆಳಗಿತೆಂದರೆ, ನೋಡಿದವರಿಗೆ ಪಾಪ ಅನ್ನಿಸಬೇಕು.

ಶಾಂಭವಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಾಚಿಕೆ. ಯಾರೂ ಇಲ್ಲ ಎಂದೆಯಾ ಎಂದು ಯೊರಿಸ್ ಕೇಳಿದ್ದು ನೆನಪಾಯಿತು. ಇನ್ನೊಮ್ಮೆ ಅವನನ್ನು ಇಲ್ಲವೆನ್ನಲು ಅವಳಿಂದಾಗಲಿಲ್ಲ. ಸೆರಗು ಬಿಗಿ ಮಾಡಿಕೊಂಡು, ಎಲ್ಲರ ಎದುರು ನಿಂತೇ ಹೇಳಿದಳು.

"ಆವತ್ತು ನಾ ಸುಳ್ಳು ಹೇಳಿದ್ನಿರಿ. ಅಲ್ಲೆ ನನ್ನವರು ಅದಾರ. ನಾ ಹೊಂಟದ್ದು ಅವರ ಕಡೆ."

ಯಾರೂ ಗದರಿಸಲಿಲ್ಲ. ಹೇಮಂತ ತಲೆ ಎತ್ತಿ ನೋಡಿ ಮತ್ತೆ ಬಗ್ಗಿಸಿದ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಚೌಕಟ್ಟು ಹಿಡಿದುಕೊಂಡಳು. ಮಹಾದೇವಕ್ಕ ತಂಬಿಗೆ ಎತ್ತಿ ನೀರು ಕುಡಿದು ಕೆಳಗಿಟ್ಟಳು. ಈಗ ಅವಳ ಮಾತಿನಲ್ಲಿ ಕಚೇರಿ ಇರಲಿಲ್ಲ.

"ಆ ಮಣ್ಣಿನ ಸಾಹೇಬ ಹೌದಿಲ್ಲೋ? ಊರಿಗೆಲ್ಲಾ ಗೊತ್ತೈತಿ ತಂಗೀ. ಬ್ಯಾಸಗ್ಯಾಗ ಬಂದು ಬಿರುಕು ಅಳದು ಹೋದ. ಮಳಿ ಬಿದ್ದಮ್ಯಾಲ ಆ ಬಿರುಕು ಎಲ್ಲಿರ್ತಾವ? ನಮಗೇನ ಗಡಬಡಿ ಇಲ್ಲ. ಕಾಯ್ತೀವಿ."

ಬೈದಿದ್ದರೆ, ಎದ್ದು ಹೋಗಿದ್ದರೆ ಶಾಂಭವಿಯ ಭಯ ಇಳಿಯುತ್ತಿತ್ತು. ಕಾಯುತ್ತೇವೆ ಎಂದವರ ಎದುರು ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಎಲೆಯಡಿಕೆ ತಟ್ಟೆಯ ಪಕ್ಕದಲ್ಲಿದ್ದ ಕಾಕಾನ ಫೋನು ರಿಂಗಣಿಸಿತು. ಅವನು ನಂಬರು ನೋಡಿದ, ಅವಳನ್ನು ನೋಡಿದ, ಸ್ಪೀಕರು ಹಚ್ಚಿ ಮತ್ತೆ ತಟ್ಟೆಯ ಪಕ್ಕಕ್ಕಿಟ್ಟ. ಬೆಂಗಳೂರಿನ ಕನ್ನಡದ ಹುಡುಗನೊಬ್ಬ, ವೀಸಾ ಅರ್ಜಿಯೊಂದರ ಸಲುವಾಗಿ ಮಾತಾಡುತ್ತಿದ್ದೇನೆ, ಶಾಂಭವಿಯವರು ನಿಮಗೇನಾಗಬೇಕು ಎಂದು ಕೇಳಿದ. ಅಣ್ಣನ ಮಗಳು ಎಂದ ಕಾಕಾ. ಸಹಿ ನಿಮ್ಮದೇನಾ? ನನ್ನದೇ. ಅಲ್ಲಿ ಅವರಿಗೆ ಪರಿಚಯದವರು ಯಾರೂ ಇಲ್ಲ ಅಂತ ಬರೆದಿದ್ದಾರೆ, ಸರಿನಾ ಸರ್?

ಶಾಂಭವಿ ಒಂದು ಹೆಜ್ಜೆ ಮುಂದಿಟ್ಟಳು. "ಕಾಕಾ," ಎಂದಳು. ಕಾಕಾ ಅವಳ ಕಡೆ ನೋಡಿದ ಕಣ್ಣಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ಚಿಕ್ಕವಳಿದ್ದಾಗ ಮುಳ್ಳು ತೆಗೆಯಲು ಕಾಲು ಹಿಡಿದುಕೊಂಡು ನೋಡುತ್ತಿದ್ದನಲ್ಲ, ಹಾಗೇ ನೋಡಿದ.

"ಅದಾರ್ರಿ," ಎಂದ ಫೋನಿಗೆ. "ಆಕೀ ಮಂದಿ ಅಲ್ಲೇ ಅದಾರಂತ. ಈಗ ಎಲ್ಲಾರ ಮುಂದ ಆಕೀನ ಹೇಳಿದಳ್ರಿ."

ಹುಡುಗ, ಹಾಗಾದರೆ ವಾಪಸ್ ಬರುತ್ತಾರೆ ಅಂತ ನೀವು ಹೇಳಬಲ್ಲಿರಾ ಎಂದು ಕೇಳಿದ.

"ಅದನ್ನ ನಾ ಹೆಂಗ ಹೇಳ್ಲಿರಿ?"

ಆಯ್ತು ಸರ್, ಥ್ಯಾಂಕ್ಸ್ ಎಂದ ಹುಡುಗ. ಫೋನು ಕಟ್ಟಾಯಿತು. ಕಾಕಾ ಕತ್ತರಿಸಿದ್ದ ಅಡಿಕೆಯನ್ನು ಮಹಾದೇವಕ್ಕನ ಕಡೆ ಸರಿಸಿ, ಅಡಿಗೆಮನೆಯತ್ತ ತಿರುಗಿ ಚಹಾ ತರಲು ಹೇಳಿದ. ಅವಸರವೇನೂ ಇರಲಿಲ್ಲ ಅವನ ದನಿಯಲ್ಲಿ.

ಶಾರದವ್ವ ಚಹಾದ ಕಪ್ಪು ಜೋಡಿಸಿದ ತಟ್ಟೆಯನ್ನು ತಂದು ಮಗಳ ಎದುರು ನಿಂತಳು. ಅವಳ ಕಣ್ಣು ತುಂಬಿದ್ದವು. ತಟ್ಟೆಯನ್ನು ತಾನೇ ಒಯ್ದು ಇಡಬಹುದಿತ್ತು, ಕೆಳಗೆ ಚೆಲ್ಲಬಹುದಿತ್ತು. "ಹಿಡಿಯವ್ವಾ," ಎಂದಳು ಮೆಲ್ಲಗೆ. ಶಾಂಭವಿ ಹಿಡಿದುಕೊಂಡಳು. ಪಡಸಾಲೆಯಲ್ಲಿ ಮೂವರೂ ಚಹಾಕ್ಕೆ ಕಾಯುತ್ತ ಕೂತಿದ್ದರು.