ಬೀಡಿಯ ಬೆಂಕಿಯಲ್ಲ, ತಂತಿಯ ಬೆಂಕಿ

ನಿಜಾಮರ ಆಳ್ವಿಕೆ, ಎರಡನೇ ಮಹಾಯುದ್ಧದ ಕಾಲ. ಲಿಂಗಸುಗೂರಿನಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಒಂದು ಜಿನ್ನಿನಲ್ಲಿ ಬೆಳಕು ಹರಿಯುವ ಮೊದಲೇ ಕೆಲಸ ಶುರುವಾಗುತ್ತಿತ್ತು. ಡೈನಮೊ ತಿರುಗಿದರೆ ತೊಲೆಗಳಿಗೆ ಕಟ್ಟಿದ ಬಲ್ಬುಗಳು ಹತ್ತಿಕೊಳ್ಳುತ್ತಿದ್ದವು. ಅವುಗಳ ಕೆಳಗೆ ಯಮನಮ್ಮ, ಅವಳ ನಾದಿನಿ ಜೋಗಮ್ಮ, ಇನ್ನೂ ಇಪ್ಪತ್ತು ಹೆಂಗಸರು ಯಂತ್ರಕ್ಕೆ ಹತ್ತಿ ಹಾಕುತ್ತಿದ್ದರು.

ವಾರದಿಂದ ಒಂದು ಬಲ್ಬು ಮಿಣಕ್ ಮಿಣಕ್ ಅನ್ನುತ್ತಿತ್ತು. ಸುಟ್ಟ ರಬ್ಬರಿನ ವಾಸನೆ ಬೇರೆ. ಯಮನಮ್ಮ ಎರಡು ಸಲ ಹೇಳಿ ನೋಡಿದಳು.

"ಕರೆಂಟಿನ ಮಾತು ನಿನಗ್ಯಾಕ ಬೇ? ಹತ್ತಿ ಹಾಕು," ಎಂದು ಲೆಕ್ಕ ಬರೆಯುವ ಮುನ್ಶಿ ಗದರಿಸಿದ.

ಮರುದಿನವೇ ಅರಳೆಯ ರಾಶಿಗೆ ಬೆಂಕಿ ಬಿತ್ತು. ಎಂಜಿನ್ನು ನಿಲ್ಲಿಸಿ, ಮರಳು ಸುರಿದು ಆರಿಸುವಷ್ಟರಲ್ಲಿ ಅರಳೆ ಎಳೆದುಹಾಕಲು ಹೋದ ಜೋಗಮ್ಮನ ಕೈಗಳೆರಡೂ ಬೆಂದಿದ್ದವು. ಜಿನ್ನಿನ ಮಾಲೀಕ ಸಾವ್ಕಾರ ದೊಡ್ಡಬಸಪ್ಪ ಆ ಕೈಗಳತ್ತ ನೋಡಲೂ ಇಲ್ಲ.

"ನೀನ ಬೀಡಿ ಸೇದಿ ಒಗದೀ. ನಾಳಿಂದ ಬರಬ್ಯಾಡ."

ಜೋಗಮ್ಮ ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವಳಲ್ಲ.

ಮನೆಯಲ್ಲಿ ಯಮನಮ್ಮನ ಗಂಡ ಗಾಳೆಪ್ಪ, "ಸಾವ್ಕಾರನ ಎದುರು ನಿಂತ್ರ ನಿನ್ನ ಕೂಲಿನೂ ಹೋಗತೈತಿ, ಸುಮ್ನಿರು," ಎಂದ.

ಯಮನಮ್ಮನ ಮೈ ಉರಿಯಿತು. "ನಿನ್ನ ತಂಗಿ ಕೈ ಸುಟ್ಕೊಂಡಾಳ. ಬೆಂಕಿ ಹಚ್ಚಿದಾಕಿ ಅನ್ನೋ ಹೆಸರೂ ಹೊತ್ಕೊಂಡಾಳ. ಇನ್ನೂ ಸುಮ್ನಿರಬೇಕಾ?"

ಹೈದರಾಬಾದಿನಲ್ಲಿ ಹತ್ತು ವರ್ಷ ಕರೆಂಟಿನ ಕೆಲಸ ಮಾಡಿ ಊರಿಗೆ ಮರಳಿದ್ದ ಮಕ್ತುಮ್‌ಸಾಬ್ ಮಿಸ್ತ್ರಿಯನ್ನು ಅವಳು ಮರುದಿನ ಜಿನ್ನಿಗೆ ಕರೆತಂದಳು. ಹಿಂದೆ ಅಳುಕುತ್ತ ಗಾಳೆಪ್ಪನೂ ಬಂದ. ಡೈನಮೊ ನಿಂತಿದೆಯೆಂದು ಖಾತ್ರಿ ಮಾಡಿಕೊಂಡೇ ಮಿಸ್ತ್ರಿ ನಿಚ್ಚಣಿಕೆ ಏರಿದ. ಇಳಿದಾಗ ಕೈಯಲ್ಲಿ ಕರಕಲಾದ ತಂತಿಯ ಗಂಟಿತ್ತು.

"ಇಲ್ಲಿ ಮೊದ್ಲು ತಾಮ್ರದ ತಂತಿ ಇತ್ತು. ಅಗ್ಗ ಅಂತ ನಡುವ ಜರ್ಮನ್ ತಂತಿ ಸುತ್ಯಾರ." ಅಲ್ಯುಮಿನಿಯಂ ಪಾತ್ರೆಗೆ ಜನ ಜರ್ಮನ್ ಅನ್ನುತ್ತಿದ್ದರು. ತಂತಿಗೂ ಅದೇ ಹೆಸರು.

"ಎರಡರಾಗೂ ಕರೆಂಟ್ ಹರೀತೈತಲ್ರಿ?" ಎಂದ ಗಾಳೆಪ್ಪ.

"ಹರೀತೈತಪ್ಪ, ತಾಮ್ರದಷ್ಟು ಸಲೀಸಾಗಿ ಅಲ್ಲ. ಅಷ್ಟ ಕರೆಂಟಿಗೆ ಜರ್ಮನ್ ತಂತಿ ಇನ್ನೂ ದಪ್ಪ ಇರಬೇಕು. ಇವರು ಸಣ್ಣದು ಹಾಕ್ಯಾರ. ಅದು ಮೆತ್ತನ್ನ ಲೋಹ. ಕಾದು ಆರಿ, ಕಾದು ಆರಿ, ಗಂಟು ಸಡಿಲ ಆಗತೈತಿ. ತಾಮ್ರಕ್ಕ ಹಂಗ ಸುತ್ತಿದ್ರ ಕಿಲುಬೂ ಹಿಡೀತೈತಿ. ಆಮ್ಯಾಲ ಕಿಡಿ ಹಾರತೈತಿ. ಕಂಬದ ಮ್ಯಾಲಿನ ದಪ್ಪ ತಂತಿಗೆ ಜರ್ಮನ್ ಆಗಬಹುದು. ಅರಳಿ ರಾಶಿ ಮ್ಯಾಲ ಇಂಥಾ ಗಂಟು ಹಾಕೋದು ಅನ್ಯಾಯ!"

ಗಾಳೆಪ್ಪ ತಲೆಯೆತ್ತಿದ. ಗಂಟು ಇದ್ದಲ್ಲಿ ತೊಲೆ ಕಪ್ಪಾಗಿತ್ತು. ಅವನ ಅಳುಕು ಅಲ್ಲೇ ಹೋಯಿತು. ನೇರ ಹೋಗಿ ಸಾವ್ಕಾರನ ಮುಂದೆ ನಿಂತ.

"ನನ್ನ ತಂಗಿ ತೊಲಿ ಏರಿ ಬೀಡಿ ಸೇದಿದ್ಳೇನ್ರೀ?"

ಸಾವ್ಕಾರ ತಡವರಿಸಿದ. "ಯುದ್ಧದಾಗ ತಾಮ್ರ ಎಲ್ಲಿ ಸಿಗತೈತಿ?"

"ಸಿಗೋ ತನಕ ಹಗಲಾಗ ಕೆಲಸ ನಡಸ್ರಿ," ಎಂದಳು ಯಮನಮ್ಮ. "ಬಜಾರದಾಗ ಜೀವ ಸಿಗತೈತೇನ್ರೀ?"

ಹೆಂಗಸರೆಲ್ಲ ಹೊರಬಂದು ಕುಳಿತರು. ಕೆಲಸ ನಿಂತು, ಪಾಮನಕಲ್ಲೂರಿನಿಂದ ಬಂದ ಹತ್ತಿ ಬಂಡಿಗಳು ಬಾಗಿಲಲ್ಲಿ ಸಾಲುಗಟ್ಟಿದವು. ಮಧ್ಯಾಹ್ನದ ಹೊತ್ತಿಗೆ ಸಾವ್ಕಾರ ಹಗಲಲ್ಲಷ್ಟೇ ಕೆಲಸ ನಡೆಸಲು ಒಪ್ಪಿದ. ಜೋಗಮ್ಮನ ಕೆಲಸ ಉಳಿಯಿತು. ರಾಯಚೂರಿನಿಂದ ತಾಮ್ರದ ತಂತಿ ಬರುವವರೆಗೆ ಬಲ್ಬು ಹತ್ತಲಿಲ್ಲ. ಆದರೆ "ತಪ್ಪಾಯ್ತು" ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಜೋಗಮ್ಮನ ಬೆರಳುಗಳೂ ಮತ್ತೆ ನೆಟ್ಟಗಾಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೆ ತಂತಿ ಎಳೆಯುವವರನ್ನು ಇಂದೇ ಕೇಳಿ: ಇದು ತಾಮ್ರವೋ, ಅಲ್ಯುಮಿನಿಯಮ್ಮೋ? ದಪ್ಪ ಸಾಕೇ? ಮನೆಯೊಳಗೆ ಸರಿಯಾದ ದಪ್ಪದ ತಾಮ್ರವನ್ನೇ ಹಾಕಿಸಿ. ಅಲ್ಯುಮಿನಿಯಂ ತಂತಿಯನ್ನು ತಾಮ್ರಕ್ಕೆ ಸುಮ್ಮನೆ ಸುತ್ತಲು ಬಿಡಬೇಡಿ. ಸ್ವಿಚ್ಚು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಮೇನ್ ಸ್ವಿಚ್ಚು ಆರಿಸಿ, ಬಲ್ಲವರನ್ನು ಕರೆಯಿರಿ. "ನಿನಗೇನು ಗೊತ್ತು" ಎಂದು ಯಾರಾದರೂ ಗದರಿಸಿದರೆ ಸುಮ್ಮನಾಗಬೇಡಿ, ಇನ್ನೊಮ್ಮೆ ಕೇಳಿ!