ನಡುವಿನ ಕೆಂಪು ಹರಳು

ನನ್ನನ್ನು ಅನುಮಾನದ ಪಿಶಾಚಿ ಎಂದು ಕರೆಯುವವರಲ್ಲಿ ನನ್ನ ಗಂಡನೇ ಮೊದಲಿಗ. ಕರೆಯಲಿ. ಮೂವತ್ತು ವರ್ಷ ಶಿರಸಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಕಲಿಸಿದವಳು ನಾನು. ಒಂದೇ ಅಜ್ಜಿಯನ್ನು ರಜೆ ಚೀಟಿಯಲ್ಲಿ ಮೂರು ಸಲ ಸಾಯಿಸಿದ ಹುಡುಗರನ್ನು ಕಂಡಿದ್ದೇನೆ. ಯಾರ ಮಾತನ್ನೂ ಸುಮ್ಮನೆ ನಂಬುವ ಜಾಯಮಾನ ನನ್ನದಲ್ಲ. ಹಾಗಾಗಿ ಕಿರೀಟದ ವಿಷಯದಲ್ಲಿ ತಮ್ಮನ ಹೆಂಡತಿ ಶೈಲಾಳ ಮೇಲೆ ಸಂಶಯ ಬಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ದಾಸನಕೊಪ್ಪದ ನನ್ನ ತವರಿನಲ್ಲಿ ಒಂದು ರಾಣಿಯ ಕಿರೀಟವಿದೆ. ದೊಡ್ಡದೇನಲ್ಲ, ಅಂಗೈ ಅಗಲದ ಚಿನ್ನದ ತಗಡು, ಸುತ್ತ ಹಸಿರು ಬಿಳಿ ಹರಳು, ನಡುವೆ ಹುಣಸೆಬೀಜದಷ್ಟು ದೊಡ್ಡದೊಂದು ಕೆಂಪು. ನಮ್ಮ ಮನೆತನದ ದೇವಕ್ಕ ಎಂಬವಳನ್ನು ಹಿಂದೆ ಒಬ್ಬ ಪಾಳೆಯಗಾರ ಕಿರಿರಾಣಿಯಾಗಿ ಮಾಡಿಕೊಂಡನಂತೆ. ಅವನ ಕೋಟೆ ಬಿದ್ದಾಗ ಆಕೆ ಕಿರೀಟವನ್ನು ಮಡಿಲಲ್ಲಿ ಕಟ್ಟಿಕೊಂಡು ತವರಿಗೆ ಬಂದಳಂತೆ. ಅಂದಿನಿಂದ ಒಂದು ಕಟ್ಟಳೆ. ಅದನ್ನು ಮುಟ್ಟುವವರು ಸೊಸೆಯಂದಿರು ಮಾತ್ರ. ಹೊಸ ಸೊಸೆ ಅದನ್ನು ಮುಡಿದು ಹೊಸ್ತಿಲಿಂದ ದೇವರ ಕೋಣೆಯವರೆಗೆ ನಡೆಯುತ್ತಾಳೆ. ಅತ್ತೆ ಕಣ್ಣು ಮುಚ್ಚುವ ಮುಂಚೆ ಪೆಟ್ಟಿಗೆಯ ಕೀಲಿ ಸೊಸೆಯ ಕೈಗೆ ಹೋಗುತ್ತದೆ. ಮನೆಯ ಹೆಣ್ಣುಮಕ್ಕಳು ಬೆರಳು ಹಚ್ಚುವ ಹಾಗಿಲ್ಲ. ಯಾಕೆ ಎಂದು ಕೇಳಿದರೆ ಅವ್ವ ಪಾರ್ವತವ್ವ, ಹಿಂದಿನಿಂದ ಬಂದದ್ದು ದಾಕ್ಷಿ ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ನನ್ನ ಮದುವೆಯಲ್ಲಿ ಅವ್ವ ಕೊಟ್ಟದ್ದು ಒಂದು ಪದಕ. ಹರಳು ಗಾಜಿನದು, ಆದರೂ ಕೊರಳಿನಿಂದ ತೆಗೆಯಬೇಡ ಎಂದಿದ್ದಳು. ಸೊಸೆಯಂದಿರಿಗೆ ರಾಣಿಯ ಕಿರೀಟ, ಹೆತ್ತ ಮಗಳಿಗೆ ಗಾಜು! ಮೂವತ್ತೇಳು ವರ್ಷವಾದರೂ ಆ ಸಿಟ್ಟು ಆರಿರಲಿಲ್ಲ. ಪದಕವನ್ನೂ ತೆಗೆದಿರಲಿಲ್ಲ, ಅವ್ವ ಕೊಟ್ಟದ್ದಲ್ಲವೇ.

ಕಳೆದ ಕಾರ್ತಿಕದಲ್ಲಿ ಅವ್ವ ತೀರಿಕೊಂಡಳು. ಕೀಲಿ ಅದಕ್ಕೆ ಮುಂಚೆಯೇ ಶೈಲಾಳಿಗೆ ಹೋಗಿತ್ತು. ಈ ವರ್ಷ ಶಿರಸಿಯ ಕಾಲೇಜೊಂದರಲ್ಲಿ ಹಳೆಯ ವಸ್ತುಗಳ ಪ್ರದರ್ಶನ ಇಟ್ಟುಕೊಂಡರು. ನಮ್ಮ ಕಿರೀಟವನ್ನೂ ಕೇಳಿದರು. ಪಕ್ಕದಲ್ಲಿಡುವ ಚೀಟಿಗೆ ಅದರ ಇತಿಹಾಸ ಬರೆದುಕೊಡುವ ಕೆಲಸ ನನಗೆ ಬಂತು. ತಮ್ಮ ಸುಭಾಷ್ ಒಪ್ಪಿದ. ಫೋಟೋ ತೆಗೆಯಲೆಂದು ಶೈಲಾ ಅದನ್ನು ಪಡಸಾಲೆಯ ಬಿಸಿಲಿಗೆ ತಂದಿಟ್ಟಳು.

ನಾನು ಮುಟ್ಟಲಿಲ್ಲ. ನೋಡುವುದಕ್ಕೆ ಕಟ್ಟಳೆಯ ಅಡ್ಡಿಯಿಲ್ಲವಲ್ಲ, ಕನ್ನಡಕ ಏರಿಸಿ ಬಗ್ಗಿದೆ. ಚಿಕ್ಕವಳಿದ್ದಾಗ ಕಾಕನ ಮದುವೆಯಲ್ಲಿ ಕಂಡ ಆ ಕೆಂಪು ಕಣ್ಣು ಕುಕ್ಕುವಂತಿತ್ತು. ಶೈಲಾ ಮುಡಿದ ದಿನ ಗದ್ದಲದಲ್ಲಿ ದೂರದಿಂದಷ್ಟೇ ಕಂಡಿದ್ದೆ. ಇದು ಬರೀ ಸಪ್ಪೆ. ಸುತ್ತಲಿನ ಅಂಚಿನ ಮೇಲೆ ಇಕ್ಕಳದ ಗೀರು ಬೇರೆ. ಒಮ್ಮೆ ಅಕ್ಕಸಾಲಿಗರಿಗೆ ತೋರಿಸೋಣ ಎಂದೆ.

ಶೈಲಾಳ ಮುಖ ಇಳಿಯಿತು. "ಅದೆಲ್ಲಾ ಬ್ಯಾಡ್ರಿ ಅಕ್ಕಾರ. ಹೆಂಗೈತೋ ಹಂಗ ಇರ್ಲಿ," ಎಂದವಳೇ ಕಿರೀಟವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಒಳಗೆ ನಡೆದಳು. ಕೀಲಿ ತಿರುಗಿದ ಸದ್ದು ಕೇಳಿಸಿತು. ನನ್ನ ಮಟ್ಟಿಗೆ ವಿಚಾರಣೆ ಅಲ್ಲಿಗೆ ಮುಗಿದಿತ್ತು.

ಆಮೇಲೆ ಎಲ್ಲವೂ ಸಾಕ್ಷಿಯಾಗತೊಡಗಿತು. ಅವ್ವನ ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕ ಇದ್ದವಳು ಯಾರು? ಶೈಲಾ. ನಾನು ಹೋದಾಗಲೆಲ್ಲ ಇಬ್ಬರೂ ಮಾತು ನಿಲ್ಲಿಸುತ್ತಿದ್ದದ್ದು ಯಾಕೆ? ಅವಳ ಮಗಳು ತನುಜಾಳ ನಿಶ್ಚಿತಾರ್ಥಕ್ಕೆ ಹೊಸ ಸರ ಎಲ್ಲಿಂದ ಬಂತು? ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಸಿದ್ದಾಪುರದ ಸೋದರತ್ತೆ ಸಾವಿತ್ರವ್ವನಿಗೆ ಫೋನು ಮಾಡಿದೆ. ಅವಳೂ ಆ ಮನೆಯ ಮಗಳು, ಅವಳಿಗೂ ಕಿರೀಟ ಮುಟ್ಟಲು ಸಿಕ್ಕಿರಲಿಲ್ಲ. ಸಂಜೆಯ ಹೊತ್ತಿಗೆ ಸುದ್ದಿ ಯಲ್ಲಾಪುರದ ನೆಂಟರವರೆಗೆ ಹೋಗಿತ್ತು. ಶೈಲಾ ರಾಣಿಯ ಹರಳು ನುಂಗಿದಳು ಎಂದು ಅವರು ಸುಭಾಷನಿಗೇ ಫೋನು ಮಾಡಿ ಹೇಳಿದರಂತೆ.

ಮರುದಿನ ಅವನು ನನ್ನ ಮನೆಗೆ ಬಂದ. ಕೂರಲಿಲ್ಲ.

"ಅಕ್ಕಸಾಲಿ ಶೇಟ್ರನ್ನ ಕರಕೊಂಡು ಬಾ," ಎಂದ. "ನೀ ಅಂದಿದ್ದು ಖರೇ ಆದ್ರ ಆಕಿ ನಮ್ಮ ಮನ್ಯಾಗ ಇರೂದಿಲ್ಲ. ಸುಳ್ಳಾದ್ರ ನೀ ಇನ್ನ ಅಲ್ಲಿಗೆ ಬರಬ್ಯಾಡ."

ಆಗಲಿ ಎಂದೆ. ನನಗೆ ನನ್ನ ಕಣ್ಣಿನ ಮೇಲೆ ಪೂರ್ತಿ ನಂಬಿಕೆ.

ಗಜಾನನ ಶೇಟ್ರು ನಮ್ಮ ತವರಿಗೆ ಅಪ್ಪನ ಕಾಲದಿಂದ ಬಂಗಾರದ ಕೆಲಸ ಮಾಡಿಕೊಡುವ ಮನೆತನದವರು. ಪಡಸಾಲೆಯಲ್ಲಿ ಚಾಪೆ ಹಾಕಿ ಕೂತು ಕೆಂಪು ಹರಳಿನ ಸುತ್ತ ಸಣ್ಣಗೆ ಬಿಸಿ ತಾಗಿಸಿದರು. ಒಳಗಿನ ಅರಗು ಮೆತ್ತಗಾಯಿತು. ಹರಳನ್ನು ಎತ್ತಿ ಬೆಳಕಿಗೆ ಹಿಡಿದು ಗಾಜು ಎಂದರು. ನಾನು ಶೈಲಾಳನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಸುಭಾಷ್ ಗೋಡೆಗೆ ಒರಗಿದ. ಗೆದ್ದೆ ಎಂದು ಒಂದು ಗಳಿಗೆ ನನಗೆ ಖುಷಿಯಾದದ್ದು ಸುಳ್ಳಲ್ಲ.

ಶೇಟ್ರು ಮಾತ್ರ ಹರಳು ಕೂತಿದ್ದ ಗುಳಿಯನ್ನೇ ನೋಡುತ್ತಿದ್ದರು. "ಇದು ನಮ್ಮ ಅಪ್ಪನ ಕೈ ಕೆಲ್ಸ," ಎಂದರು. "ಅರಗಿನಲ್ಲಿ ಹೀಗೆ ಮೂರು ಚುಕ್ಕಿ ಒತ್ತೋದು ಅವ್ರೊಬ್ರೇ. ಅಪ್ಪ ತೀರ್ಕೊಂಡು ಮೂವತ್ತು ವರ್ಷ ಆತು."

ಶೈಲಾ ಈ ಮನೆಗೆ ಬಂದು ಇಪ್ಪತ್ತಾರು ವರ್ಷ. ಇತಿಹಾಸ ಕಲಿಸಿದವಳಿಗೆ ಇಸವಿಯ ಲೆಕ್ಕ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಶೇಟ್ರ ಕಣ್ಣು ನನ್ನ ಕೊರಳಿನ ಮೇಲೆ ನಿಂತಿತ್ತು. ಪದಕ ಕೇಳಿದರು. ತೆಗೆದುಕೊಟ್ಟೆ. ಅದರ ಬೆನ್ನಿನ ಮೇಲೂ ಸಾಸಿವೆಗಿಂತ ಸಣ್ಣ ಮೂರು ಚುಕ್ಕಿ. ಮೆಲ್ಲಗೆ ಅದರ ಕೆಂಪು ಹರಳು ಬಿಡಿಸಿ ಕಿರೀಟದ ಗುಳಿಯ ಮೇಲಿಟ್ಟರು. ಅಲ್ಲಿಯದೇ ಎಂಬಂತೆ ಕೂತಿತು. ಬಿಸಿಲಿಗೆ ಅದು ಹೊಳೆದಾಗ ಕಾಕನ ಮದುವೆಯ ದಿನ ನೆನಪಾಯಿತು.

ಆಗ ಶೈಲಾಳೇ ಬಾಯಿ ಬಿಟ್ಟಳು. "ಕೀಲಿ ಕೊಡೂ ಮುಂದ ಅತ್ತಿಯವರು ಎಲ್ಲಾ ಹೇಳಿದ್ರು ಅಕ್ಕಾರ. ದೇವಕ್ಕ ರಾಣಿ ತವರಿಗೆ ಬಂದಾಗ ಒಡಹುಟ್ಟಿದವರು ಕದಾ ತಗೀಲಿಲ್ಲಂತ. ಅಣ್ಣನ ಹೇಂತಿ ತಗದ್ಲಂತ. ಅದಕ್ಕ ಕಿರೀಟಾ ಸೊಸಿಗೆ ಕೊಟ್ಲಂತ. ಆದ್ರ ಕೊಟ್ಟಾಕಿ ಈ ಮನಿ ಮಗಳ ಹೌದಲ್ಲ, ನನ್ನ ಮಗಳಿಗೂ ಒಂದು ಹರಳು ಇರ್ಲಿ ಅಂತ ಅತ್ತಿಯವರು ತಗಸಿದ್ರು. ದಾಕ್ಷಿಗೆ ಹೇಳಬ್ಯಾಡ, ಗೊತ್ತಾದ್ರ ಅವತ್ತ ತಂದು ವಾಪಸ್ ಇಡ್ತಾಳ ಅಂತ ಆಣಿ ಹಾಕಿಸಿಕೊಂಡಿದ್ರು."

ನನಗೆ ಅಳು ಬಂತು. ಅವ್ವ ನನ್ನನ್ನು ಅಷ್ಟು ಸರಿಯಾಗಿ ತಿಳಿದಿದ್ದಳು. ನಾನು ಮೂವತ್ತೇಳು ವರ್ಷ ಅವಳ ಮೇಲೆ ಸಿಟ್ಟು ಹೊತ್ತುಕೊಂಡು ಓಡಾಡಿದ್ದೆ. ಶೈಲಾಳನ್ನಂತೂ ಊರ ಬಾಯಿಗೆ ಹಾಕಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಸಲಿ ಹರಳನ್ನು ಕಿರೀಟಕ್ಕೇ ಕೂರಿಸಿ ಎಂದು ಶೇಟ್ರಿಗೆ ಹೇಳಿದೆ. ಬೇಡ, ಗಾಜನ್ನೇ ಕೂರಿಸಿ ಎಂದಳು ಶೈಲಾ. ಕೀಲಿ ಅವಳದು, ಶೇಟ್ರು ಅವಳ ಮಾತನ್ನೇ ಕೇಳಿ ಅಸಲಿಯನ್ನು ನನ್ನ ಪದಕಕ್ಕೇ ಮರಳಿ ಕೂರಿಸಿದರು.

ನಾನು ಚಪ್ಪಲಿ ಹುಡುಕತೊಡಗಿದೆ. ಸುಭಾಷ್ ತಡೆಯಲಿಲ್ಲ, ಆಡಿದ ಮಾತು ಅವನ ಬಾಯಿ ಕಟ್ಟಿತ್ತು.

"ಅಕ್ಕಾರು ಉಂಡು ಹೋಗ್ತಾರ," ಎಂದು ಶೈಲಾ ಅವನಿಗೆ ಹೇಳಿ ಒಳಗೆ ತಾಟು ಹಾಕಿದಳು.

ಇನ್ನು ಉಳಿದದ್ದು ಚೀಟಿ. ಶೈಲಾ ಕದ್ದಿಲ್ಲ ಎಂದಷ್ಟೇ ಫೋನಿನಲ್ಲಿ ಹೇಳಿದರೆ ನೆಂಟರು ನಂಬುತ್ತಿರಲಿಲ್ಲ, ಮನೆಯ ಮಾನ ಮುಚ್ಚಲು ಹೇಳುತ್ತಿದ್ದಾಳೆ ಎನ್ನುತ್ತಿದ್ದರು. ಪೂರ್ತಿ ಹೇಳಿದರೆ ಸತ್ತ ಅವ್ವ ಕಟ್ಟಳೆ ಮುರಿದವಳಾಗುತ್ತಿದ್ದಳು. ಎರಡು ದಿನ ಪೆನ್ನು ಹಿಡಿದು ಕೂತೆ. ಮೂರನೆಯ ದಿನ ದೇವಕ್ಕನ ಕಥೆಯ ಕೆಳಗೆ ಇನ್ನೆರಡು ಸಾಲು ಬರೆದೆ: "ನಡುವಿನ ಹರಳು ಈಗ ಗಾಜಿನದು. ಅಸಲಿ ಹರಳನ್ನು ಈ ಮನೆಯ ಸೊಸೆ ಪಾರ್ವತವ್ವ ತನ್ನ ಮಗಳು ದಾಕ್ಷಾಯಿಣಿಗೆ ಕೊಟ್ಟಿದ್ದಾಳೆ."

ಪ್ರದರ್ಶನದ ದಿನ ಸಾವಿತ್ರವ್ವ ಯಲ್ಲಾಪುರದ ನೆಂಟರನ್ನೂ ಕಟ್ಟಿಕೊಂಡು ಬಂದಳು. ಸಣ್ಣ ಅಕ್ಷರ ಕಾಣುವುದಿಲ್ಲ, ಓದಿ ಹೇಳು ಎಂದಳು. ಶೈಲಾ ನನ್ನ ಪಕ್ಕದಲ್ಲೇ ನಿಂತಿದ್ದಳು. ಎಲ್ಲರಿಗೂ ಕೇಳುವಂತೆ ಕೊನೆಯ ಸಾಲಿನವರೆಗೆ ಓದಿದೆ. ಸಾವಿತ್ರವ್ವ ಒಮ್ಮೆ ಶೈಲಾಳನ್ನು, ಒಮ್ಮೆ ನನ್ನನ್ನು ನೋಡಿದಳು. ನಾನು ಸೆರಗು ಸರಿಸಿ ಕೊರಳು ತೋರಿಸಿದೆ.